ಮೊದಲು ಖಾಲಿ ಸಾಕೆಟ್, ಆಮೇಲೆ ಹೊಸ ವಾಲ್ವ್

ಹಳೇ ವಾಲ್ವ್ (ಗಾಜಿನ ಕೊಳವೆ) ಆಂಪ್ಲಿಫೈಯರ್ ರಿಪೇರಿಗೆ ತರುವವರು ಎಷ್ಟೋ ಸಲ ಸ್ಪೀಕರ್ ಓಡಿಸುವ ಹೊಸ ಔಟ್‌ಪುಟ್ ವಾಲ್ವ್‌ಗಳನ್ನೂ ಜೊತೆಗೇ ತಂದಿರುತ್ತಾರೆ. "ಇವನ್ನ ಹಾಕಿ ಬಯಾಸ್ ಸೆಟ್ ಮಾಡಿಕೊಡಿ, ಸಾಕು" ಅನ್ನುತ್ತಾರೆ. ಬಯಾಸ್ ಅಂದರೆ ವಾಲ್ವ್‌ನ ಕರೆಂಟನ್ನು ಹಿಡಿತದಲ್ಲಿಡುವ ನೆಗೆಟಿವ್ ವೋಲ್ಟೇಜ್. ನಾನು ಹೊಸ ವಾಲ್ವ್‌ನ ಡಬ್ಬಿ ಬಿಚ್ಚುವುದೇ ಕೊನೆಗೆ. ಹಳೆಯದು ವಯಸ್ಸಾಗಿ ಸೋತಿದ್ದರೆ ಚಿಂತೆಯಿಲ್ಲ. ಸರ್ಕ್ಯೂಟೇ ಅದನ್ನು ಸುಟ್ಟಿದ್ದರೆ ಹೊಸದನ್ನೂ ಬಿಡುವುದಿಲ್ಲ.

ಹಾಗಾಗಿ ಔಟ್‌ಪುಟ್ ವಾಲ್ವ್‌ಗಳನ್ನೆಲ್ಲ ಕಿತ್ತು, ಅವಕ್ಕೆ ಸಿಗ್ನಲ್ ಕೊಡುವ ಡ್ರೈವರ್ ವಾಲ್ವ್‌ಗಳನ್ನು ಹಾಗೇ ಬಿಟ್ಟು, ಪವರ್ ಕೊಟ್ಟು ಖಾಲಿ ಸಾಕೆಟ್‌ಗಳನ್ನು ಅಳೆಯುತ್ತೇನೆ. ಔಟ್‌ಪುಟ್ ವಾಲ್ವ್ ಇಎಲ್34 ಮಾದರಿಯದಾಗಲಿ 6ಎಲ್6 ಆಗಲಿ, ಕರೆಂಟನ್ನು ನಿಯಂತ್ರಿಸುವ ಗ್ರಿಡ್ ಇರುವುದು 5ನೇ ಪಿನ್‌ನಲ್ಲಿ. ಅಲ್ಲಿ ನೆಗೆಟಿವ್ ವೋಲ್ಟೇಜ್ ಬರಲೇಬೇಕು. ಲೋಡ್ ಇಲ್ಲದಾಗ ಎಚ್‌ಟಿ (ವಾಲ್ವ್‌ನೊಳಗಿನ ಪ್ಲೇಟ್ ಎಂಬ ತಗಡಿಗೆ ಹೋಗುವ ಹೈ ವೋಲ್ಟೇಜ್) ಮಾಮೂಲಿಗಿಂತ ಮೇಲೇರುತ್ತದೆ, ಫಿಲ್ಟರ್ ಕೆಪಾಸಿಟರ್‌ಗಳ ರೇಟಿಂಗ್ ನೋಡಿಕೊಂಡು ಬೇಗ ಮುಗಿಸಬೇಕು.

ಒಂದು ಸ್ಟೀರಿಯೊ ಆಂಪ್ಲಿಫೈಯರ್‌ನಲ್ಲಿ ಮೂರು ಸಾಕೆಟ್ ಮೈನಸ್ 38 ವೋಲ್ಟ್ ತೋರಿಸಿದವು. ನಾಲ್ಕನೆಯದು ಮೈನಸ್ 24. ಅದೂ ನಿಲ್ಲಲಿಲ್ಲ, ಬಿಸಿಯಾದ ಹಾಗೆ 23, 22 ಅಂತ ಇಳಿಯುತ್ತಲೇ ಹೋಯಿತು. ಪವರ್ ತೆಗೆದು, ಚಾರ್ಜ್ ಇಳಿಸಿ, ಆ ಗ್ರಿಡ್‌ಗೆ ಬರುವ ಕಪ್ಲಿಂಗ್ ಕೆಪಾಸಿಟರ್‌ನ (ಡ್ರೈವರ್‌ನ ಸಿಗ್ನಲ್ ಮಾತ್ರ ದಾಟಿಸಿ ಡಿಸಿ ತಡೆಯಬೇಕಾದದ್ದು) ಒಂದು ಕಾಲು ಬಿಚ್ಚಿ ಮತ್ತೆ ಆನ್ ಮಾಡಿದರೆ ಅಲ್ಲೂ 38. ಡ್ರೈವರ್‌ನ ಪ್ಲೇಟ್ ವೋಲ್ಟೇಜ್ ಕೆಪಾಸಿಟರ್ ಮೂಲಕ ಸೋರಿ ಗ್ರಿಡ್ಡಿಗೆ ಬರುತ್ತಿತ್ತು. ಅಲ್ಲಿಗೆ ಹೊಸ ವಾಲ್ವ್ ಹಾಕಿದ್ದರೆ ಪ್ಲೇಟ್ ಕೆಂಪಗೆ ಕಾಯುತ್ತಿತ್ತು, ಬಯಾಸ್ ಪಾಟ್ (ಬಯಾಸ್ ಹೊಂದಿಸುವ ತಿರುಗು ರೆಸಿಸ್ಟರ್) ಎಷ್ಟು ತಿರುಗಿಸಿದರೂ ಪ್ರಯೋಜನವಿರಲಿಲ್ಲ. ಕೆಪಾಸಿಟರ್ ಬದಲಿಸಿದೆ. ಅದರ ಜೊತೆಗಾರರ ವಯಸ್ಸೂ ಅಷ್ಟೇ, ಹಾಗಾಗಿ ಮಿಕ್ಕ ಮೂರನ್ನೂ.

ನಾಲ್ಕೂ ಕಡೆ ಒಂದೇ ಸಮ ಕಡಿಮೆ ಬಂದರೆ ಬಯಾಸ್ ಸಪ್ಲೈ ಕಡೆ ನೋಡಿ. ಕೆಲವು ಹಳೇ ಸೆಟ್‌ಗಳಲ್ಲಿ ಎಸಿಯನ್ನು ಡಿಸಿ ಮಾಡುವ ಸೆಲೆನಿಯಂ ರೆಕ್ಟಿಫೈಯರ್ ಇರುತ್ತದೆ. ವರ್ಷ ಕಳೆದಂತೆ ಅದರ ರೆಸಿಸ್ಟೆನ್ಸ್ ಏರಿ ನೆಗೆಟಿವ್ ವೋಲ್ಟೇಜ್ ಕುಗ್ಗುತ್ತದೆ. ಪಕ್ಕದ ಎಲೆಕ್ಟ್ರೋಲಿಟಿಕ್ ಒಣಗಿರುವುದೂ ಉಂಟು.

ಇನ್ನು ಸೆಟ್ಟಿಂಗ್. ಪಾಟ್ ಅನ್ನು ಅತಿ ಹೆಚ್ಚು ನೆಗೆಟಿವ್ ಕಡೆ ತಿರುಗಿಸಿಟ್ಟು, ಸ್ಪೀಕರ್ ಜಾಗದಲ್ಲಿ ಡಮ್ಮಿ ಲೋಡ್ (ಶಕ್ತಿ ಹೀರಿಕೊಳ್ಳುವ ದೊಡ್ಡ ರೆಸಿಸ್ಟರ್) ಹಾಕಿ, ಆಮೇಲೆ ವಾಲ್ವ್ ಕೂರಿಸುತ್ತೇನೆ. ಲೋಡ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೇ ಸಂಚಕಾರ. ಎಲೆಕ್ಟ್ರಾನ್‌ಗಳು ಹೊರಡುವ ಕ್ಯಾಥೋಡ್‌ನಿಂದ ಗ್ರೌಂಡಿಗೆ 1 ಓಮ್ ರೆಸಿಸ್ಟರ್ ಇದ್ದರೆ ಮೀಟರ್‌ನ 1 ಮಿಲಿವೋಲ್ಟ್ ಅಂದರೆ 1 ಮಿಲಿಆಂಪಿಯರ್. ಇಎಲ್34ರ ಪ್ಲೇಟ್ ಮಿತಿ 25 ವಾಟ್. ನಾನು ಇಡುವುದು ಅದರ 70 ಶೇಕಡಾ, ಅಂದರೆ 17.5 ವಾಟ್; ಪ್ಲೇಟ್‌ನಲ್ಲಿ 450 ವೋಲ್ಟ್ ಇದ್ದರೆ ಸುಮಾರು 39 ಮಿಲಿಆಂಪಿಯರ್. ಕ್ಯಾಥೋಡ್‌ನಲ್ಲಿ ಅಳೆದಾಗ ಸ್ಕ್ರೀನ್ (ಪ್ಲೇಟ್ ಪಕ್ಕದ ಎರಡನೇ ಗ್ರಿಡ್) ಎಳೆಯುವ ಕರೆಂಟೂ ಅದರಲ್ಲಿ ಸೇರಿರುತ್ತದೆ, ಅಂದರೆ ತಪ್ಪಾದರೂ ಸುರಕ್ಷಿತ ಕಡೆಗೇ. ಒಂದನ್ನು ತಿರುಗಿಸಿದಾಗ ಎಚ್‌ಟಿ ಅಲುಗಿ ಇನ್ನೊಂದರ ಲೆಕ್ಕ ಕೆಡುತ್ತದೆ, ಆದ್ದರಿಂದ ಸುತ್ತು ಹೊಡೆಯುತ್ತಲೇ ಇರಬೇಕು.

ಮ್ಯಾನ್ಯುಯಲ್‌ನಲ್ಲಿ ಬರೆದ ಅಂಕಿಗೆ ನಾನು ಕಣ್ಣುಮುಚ್ಚಿ ತಲೆಬಾಗುವುದಿಲ್ಲ. 1959ರಲ್ಲಿ ಬಂದ ಡೈನಾಕೊ ಸ್ಟೀರಿಯೊ 70ರಲ್ಲಿ ಎರಡು ಇಎಲ್34ಗೆ ಸೇರಿ ಒಂದು 15.6 ಓಮ್ ರೆಸಿಸ್ಟರ್, ಅದರ ಮೇಲೆ 1.56 ವೋಲ್ಟ್ ಇಡಿ ಅನ್ನುತ್ತಾರೆ. ಎರಡಕ್ಕೆ ಸೇರಿ 100 ಮಿಲಿಆಂಪಿಯರ್, ತಲಾ 50 ಅಂದುಕೊಳ್ಳಬೇಕು. ಆದರೆ ಒಂದು 60, ಇನ್ನೊಂದು 40 ಎಳೆಯುತ್ತಿದ್ದರೂ ಮೀಟರ್ 1.56 ಅಂತಲೇ ಹೇಳುತ್ತದೆ! ಜೋಡಿ ನಿಜವಾಗಿ ಮ್ಯಾಚ್ ಆಗಿದೆಯೇ ಅನ್ನುವುದು ಇಂಥಲ್ಲಿ ತುಂಬ ಮುಖ್ಯ.

ಅರ್ಧ ಗಂಟೆ ಕಾದ ಮೇಲೆ ಮತ್ತೆ ಅಳೆದು, ಕೋಣೆಯ ದೀಪ ಆರಿಸಿ ಪ್ಲೇಟ್‌ಗಳನ್ನು ನೋಡುತ್ತೇನೆ. ಹೀಟರ್‌ನ ಕಿತ್ತಳೆ ಬೆಳಕು ಸರಿ, ಪ್ಲೇಟ್ ತಗಡಿನ ಮೇಲೆ ಕೆಂಪು ಮಚ್ಚೆ ಕಂಡರೆ ತಕ್ಷಣ ಆಫ್.

ಸೆಟ್ ಮುಚ್ಚುವ ಮೊದಲು ಇನ್ನೊಂದು ಚಿಕ್ಕ ಕೆಲಸ ಮಾಡುತ್ತೇನೆ, ಯಾರೂ ಕೇಳದಿದ್ದರೂ. ಬಯಾಸ್ ಪಾಟ್‌ನ ವೈಪರ್‌ನಿಂದ (ಜಾರುವ ಸಂಪರ್ಕ) ಪಾಟ್‌ನ ನೆಗೆಟಿವ್ ತುದಿಗೆ ದೊಡ್ಡ ಬೆಲೆಯ ಒಂದು ರೆಸಿಸ್ಟರ್ ಬೆಸೆಯುತ್ತೇನೆ. ಮುಂದೆ ವೈಪರ್ ಸಂಪರ್ಕ ಬಿಟ್ಟರೂ ಗ್ರಿಡ್ ಪೂರ್ತಿ ನೆಗೆಟಿವ್ ಕಡೆಗೆ ಹೋಗುತ್ತದೆ: ಸದ್ದು ಕೆಡುತ್ತದೆ, ವಾಲ್ವ್ ಉಳಿಯುತ್ತದೆ.