ಶಕುಂತಲಾ ದೇವಿಯವರ 26 ಅಂಕಿಯ ಸಂಖ್ಯೆ: ಲೆಕ್ಕ ಎಲ್ಲಿಗೆ ಬಂತು

ಸಂಖ್ಯೆ ಇದು: 18,947,668,177,995,426,462,773,730.

ಬೆಂಗಳೂರಿನ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 28 ಸೆಕೆಂಡಿನಲ್ಲಿ ಹೇಳಿದ ಉತ್ತರ. ಗುಣಿಸಿದ್ದು 7,686,369,774,870 ಮತ್ತು 2,465,099,745,779. ಅವರ ವೇಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಈ ಸಂಖ್ಯೆಯ ಒಳಗೆ ಏನಿದೆ, ಅಂದರೆ ಯಾವ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ ಇದು ಬರುತ್ತದೆ ಅಂತ ನೋಡುವವರು ಕಡಿಮೆ. ಅದಕ್ಕೇ ಇದನ್ನು ಹಿಡಿದೆ. ಕಂಪ್ಯೂಟರ್ ಮುಟ್ಟುವುದಿಲ್ಲ, ಪೂರ್ತಿ ಗುಣಾಕಾರವನ್ನೂ ಮಾಡುವುದಿಲ್ಲ. ಕಾಗದ, ಪೆನ್ನು ಅಷ್ಟೇ.

ಮೊದಲು ಉತ್ತರ ಸರಿ ಇದೆಯಾ ಅಂತ ನೋಡಲು 999ರ ಪರೀಕ್ಷೆ. 1000ವನ್ನು 999ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಮೂರು ಮೂರು ಅಂಕಿಯ ಗುಂಪುಗಳನ್ನು ಸುಮ್ನೆ ಕೂಡಿದರೆ ಸಾಕು. ಮೊದಲ ಸಂಖ್ಯೆಗೆ 708 ಬಂತು, ಎರಡನೆಯದಕ್ಕೆ 92. ಗುಣಿಸಿದರೆ 65,136; ಅಂದರೆ 65 + 136 = 201. ಉತ್ತರದ ಗುಂಪುಗಳನ್ನು ಕೂಡಿದರೆ 5,196; 5 + 196 = 201. ಸರಿ ಹೋಯಿತು!

ಆದರೆ ಎರಡು ಗುಂಪು ಅದಲುಬದಲಾಗಿದ್ದರೂ ಮೊತ್ತ ಅದೇ ಇರುತ್ತದೆ, ಅಲ್ವಾ? ಅದಕ್ಕೆ 1001 ಬೇಕು. ಇಲ್ಲಿ ಬಲದಿಂದ ಒಂದು ಗುಂಪು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋಗಬೇಕು. ಅಕ್ಕಪಕ್ಕದ ಗುಂಪುಗಳು ಜಾಗ ಬದಲಿಸಿದ್ದರೆ ತಕ್ಷಣ ಸಿಕ್ಕಿಬೀಳುತ್ತವೆ. ಬಂದದ್ದು −214 ಮತ್ತು −330. ಗುಣಿಸಿದರೆ 70,620; ಅದರಿಂದ 70,070 ತೆಗೆದರೆ 550. ಉತ್ತರದಿಂದಲೂ 550 ಬಂತು. ಎರಡೂ ಪರೀಕ್ಷೆಯಲ್ಲಿ ಪಾಸಾಗುವ ತಪ್ಪು ಉತ್ತರ ಇರಬೇಕೆಂದರೆ, ಅದು ಸರಿ ಉತ್ತರದಿಂದ 999,999ರ ಮಗ್ಗಿಯಷ್ಟೇ ದೂರದಲ್ಲಿರಬೇಕು.

ಈ −330ರಲ್ಲಿ ಇನ್ನೊಂದು ವಿಷಯ ಇತ್ತು. 1001 ಅಂದರೆ 7 × 11 × 13. 330 ಹನ್ನೊಂದರ ಮಗ್ಗಿಯಲ್ಲಿ ಬರುತ್ತದೆ. ಅಂದರೆ ಎರಡನೆಯ ಸಂಖ್ಯೆ 11ರಿಂದ ಭಾಗವಾಗುತ್ತದೆ! ಮೇಲುನೋಟಕ್ಕೆ ಹಾಗೆ ಅನಿಸುವುದೇ ಇಲ್ಲ. 550ನ್ನು 7ರಿಂದ ಭಾಗಿಸಿದರೂ 13ರಿಂದ ಭಾಗಿಸಿದರೂ ಉಳಿಯುವುದು 4, ಹಾಗಾಗಿ ಅವೆರಡೂ ಇಲ್ಲ.

ಈಗಿನ ಸ್ಥಿತಿ. ಉತ್ತರದ ಅಪವರ್ತನಗಳಲ್ಲಿ 2, 3, 5, 11 ಒಂದೊಂದು ಸಲ ಮಾತ್ರ ಬರುತ್ತವೆ. ಗುಣಿಸಿದ ಎರಡು ಸಂಖ್ಯೆಗಳಿಂದ ಅವನ್ನು ಭಾಗಿಸಿ ತೆಗೆದ ಮೇಲೆ ಉಳಿದದ್ದು 256,212,325,829 ಮತ್ತು 224,099,976,889. ಎರಡೂ ಬಹಳ ಗಟ್ಟಿ. 37ರವರೆಗಿನ ಯಾವ ಅವಿಭಾಜ್ಯ ಸಂಖ್ಯೆಗೂ ಬಗ್ಗಲಿಲ್ಲ. 99,999ರಲ್ಲಿ 41 ಮತ್ತು 271 ಎರಡೂ ಇವೆ, ಆದ್ದರಿಂದ ಐದೈದು ಅಂಕಿ ಕೂಡಿ ಒಂದೇ ಏಟಿಗೆ ಎರಡನ್ನೂ ನೋಡಿದೆ. ಅವೂ ಇಲ್ಲ. 43ಕ್ಕೆ ಇಂಥ ಸುಲಭದ ದಾರಿ ಇಲ್ಲ, ಉದ್ದಕ್ಕೆ ಭಾಗಿಸಲೇಬೇಕು.

ಅದರ ಜೊತೆಗೆ ಅವರ 1977ರ ಲೆಕ್ಕವನ್ನೂ ಶುರು ಮಾಡಿದ್ದೇನೆ. ಡಲ್ಲಾಸ್‌ನಲ್ಲಿ 201 ಅಂಕಿಯ ಸಂಖ್ಯೆಯೊಂದರ 23ನೇ ಮೂಲ (23 ಸಲ ಬರೆದು ಗುಣಿಸಿದರೆ ಆ ಸಂಖ್ಯೆ ಕೊಡುವ ಸಂಖ್ಯೆ) ಕಂಡುಹಿಡಿದಿದ್ದರು. ಉತ್ತರ 546,372,891. 1ರಿಂದ 9ರವರೆಗಿನ ಎಲ್ಲ ಅಂಕಿಗಳೂ ಒಂದೊಂದೇ ಸಲ ಇವೆ, ನೋಡಿ! ಇದು 27ರಿಂದ ಭಾಗವಾಗುತ್ತದೆ, 81ರಿಂದ ಆಗುವುದಿಲ್ಲ. ಹಾಗಾದರೆ ಆ 201 ಅಂಕಿಯ ಸಂಖ್ಯೆಯಲ್ಲಿ 3 ಅಪವರ್ತನವಾಗಿ ಸರಿಯಾಗಿ 3 × 23 = 69 ಸಲ ಇದೆ. ಅವರ ಉತ್ತರವನ್ನು 27ರಿಂದ ಭಾಗಿಸಿದರೆ ಬರುವುದು 20,236,033. ಮುಂದೆ ಅದನ್ನು ಒಡೆಯಬೇಕು.