‘ಸಿನ್ಸಿಯರ್ಲಿ’ ಅಂದರೆ ಕಷ್ಟಪಟ್ಟು ಅಂತಲ್ಲ

ಬೆಂಗಳೂರಿನ ಒಂದು ಕಸ್ಟಮರ್ ಸಪೋರ್ಟ್ ಕಂಪನಿಯಲ್ಲಿ ನನ್ನ ಕೆಲಸ. ಗ್ರಾಹಕರಲ್ಲಿ ಹೆಚ್ಚಿನವರು ಇಂಗ್ಲೆಂಡ್, ಅಮೆರಿಕದವರು. ಟೀಮಿನವರು ಬರೆಯುವ ಇಮೇಲ್‌ಗಳನ್ನು ಓದಿ, ತಿದ್ದಿ, ಮಾರ್ಕ್ಸ್ ಹಾಕುತ್ತೇನೆ. ದಿನವಿಡೀ ಇದೇ ಮಾಡುತ್ತಿದ್ದರೆ ಕೆಲವು ಪದಗಳು ಕಣ್ಣಿಗೆ ಚುಚ್ಚತೊಡಗುತ್ತವೆ. ನನಗೆ ಚುಚ್ಚುವುದು ‘ಸಿನ್ಸಿಯರ್ಲಿ’.

ನಮ್ಮಲ್ಲಿ ‘ಸಿನ್ಸಿಯರ್’ ಅಂದರೆ ಯಾರು? ಟೈಮಿಗೆ ಸರಿಯಾಗಿ ಬರುವವನು, ಹೋಂವರ್ಕ್ ಬಿಡದವನು, ಒಪ್ಪಿಕೊಂಡ ಕೆಲಸ ಮುಗಿಸಿಯೇ ಏಳುವವನು. ‘ಹುಡುಗ ತುಂಬಾ ಸಿನ್ಸಿಯರ್ ರೀ’ ಅಂತ ಮೇಷ್ಟ್ರು ಹೇಳಿದರೆ ಅಪ್ಪ ಅಮ್ಮನ ಮುಖ ಅರಳುತ್ತದೆ. ಈ ಅರ್ಥ ನಮ್ಮ ಇಂಗ್ಲಿಷಿನಲ್ಲಿ ಬೇರೂರಿಬಿಟ್ಟಿದೆ. ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ನಮ್ಮ ನಮ್ಮಲ್ಲಿ ನಡೆಯುತ್ತದೆ, ನಡೆಯಲಿ ಬಿಡಿ. ಎಡವಟ್ಟಾಗುವುದು ಅದು ಸಮುದ್ರ ದಾಟಿದಾಗ.

ನಮ್ಮ ಟೀಮ್ ಲೀಡ್ ಒಬ್ಬರು ಅಪ್ರೈಸಲ್‌ನಲ್ಲಿ ‘ಶಿ ವರ್ಕ್ಸ್ ಸಿನ್ಸಿಯರ್ಲಿ’ ಅಂತ ಬರೆದಿದ್ದರು. ಅದನ್ನು ಓದಿದ ಇಂಗ್ಲೆಂಡಿನ ಮ್ಯಾನೇಜರ್‌ಗೆ ಗೊಂದಲ. ಹಾಗಾದರೆ ಉಳಿದವರು ನಾಟಕ ಆಡುತ್ತಿದ್ದಾರಾ? ಅವರ ಇಂಗ್ಲಿಷಿನಲ್ಲಿ ಈ ಪದಕ್ಕೂ ದುಡಿಮೆಗೂ ಸಂಬಂಧ ಕಡಿಮೆ. ಬಾಯಲ್ಲಿ ಹೇಳಿದ್ದೂ ಒಳಗೆ ಅನಿಸಿದ್ದೂ ಒಂದೇ ಅನ್ನುವುದು ಅದರ ತಿರುಳು. ಆ ಹುಡುಗಿಯ ಬಗ್ಗೆ ಹೇಳಬೇಕಿದ್ದದ್ದು ‘ಡಿಲಿಜೆಂಟ್ಲಿ’. ಅಷ್ಟೆಲ್ಲ ಯಾಕೆ, ‘ವರ್ಕ್ಸ್ ಹಾರ್ಡ್’ ಅಂದಿದ್ದರೂ ಸಾಕಿತ್ತು.

ಕನ್ನಡದಲ್ಲಿ ಯೋಚಿಸಿದರೆ ಇದು ಬೇಗ ಬಗೆಹರಿಯುತ್ತದೆ. ‘ಶ್ರದ್ಧೆಯಿಂದ’ ಅನ್ನಬೇಕಾದ ಕಡೆ ‘ಸಿನ್ಸಿಯರ್ಲಿ’ ಬೇಡ. ‘ಮನಸಾರೆ’ ಅಥವಾ ‘ಮನಃಪೂರ್ವಕವಾಗಿ’ ಅನ್ನುವ ಕಡೆ ಹಾಕಿ. ‘ಪ್ರಾಮಾಣಿಕವಾಗಿ’ ಅನ್ನುವುದನ್ನು ಮಾತ್ರ ನಂಬಬೇಡಿ, ಅದು ಎರಡೂ ಕಡೆ ಕೂರುತ್ತದೆ. ಹೊಸಬರಿಗೆ ನಾನು ಹೇಳಿಕೊಡುವುದು ಇಷ್ಟೇ: ಪಕ್ಕದ ಕ್ರಿಯಾಪದ ನೋಡಿ. ಹೋಪ್, ಬಿಲೀವ್, ರಿಗ್ರೆಟ್, ಥ್ಯಾಂಕ್, ಅಪಾಲಜೈಸ್ ಇವೆಲ್ಲ ಮನಸ್ಸಿಗೆ ಸೇರಿದವು, ಇವುಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಫೈಲ್ ಅಪ್‌ಡೇಟ್ ಮಾಡುವುದಕ್ಕೋ ಮೀಟಿಂಗಿಗೆ ಹೋಗುವುದಕ್ಕೋ ಅದನ್ನು ಅಂಟಿಸಿದರೆ ಅಲ್ಲಿನವರಿಗೆ ವಿಚಿತ್ರವಾಗಿ ಕೇಳಿಸುತ್ತದೆ.

ಅರ್ಥ ಗೊತ್ತಿದ್ದವರೂ ಅಳತೆ ತಪ್ಪುತ್ತಾರೆ. ಒಂದು ರೀಫಂಡ್ ದೂರಿಗೆ ಹೋಗಬೇಕಿದ್ದ ಉತ್ತರ ನನ್ನ ಮುಂದಿತ್ತು. ಶುರುವಿನಲ್ಲಿ ‘ವಿ ಸಿನ್ಸಿಯರ್ಲಿ ಅಪಾಲಜೈಸ್’. ನಡುವೆ ‘ವಿ ಸಿನ್ಸಿಯರ್ಲಿ ರಿಗ್ರೆಟ್’. ಕೊನೆಗೆ ‘ವಿ ಸಿನ್ಸಿಯರ್ಲಿ ಹೋಪ್’. ದುಡ್ಡು ಯಾವತ್ತು ವಾಪಸ್ ಬರುತ್ತದೆ ಅನ್ನುವುದು ಎಲ್ಲೂ ಇಲ್ಲ! ಮೊದಲೇ ಸಿಟ್ಟಾಗಿರುವವರಿಗೆ ಇದು ಗಿಳಿಪಾಠದ ಹಾಗೆ ಕೇಳಿಸುತ್ತದೆ ಅಲ್ವಾ? ಮೂರನ್ನೂ ತೆಗೆಸಿದೆ. ‘ರೀಫಂಡ್ ತಡವಾಗಿದ್ದಕ್ಕೆ ಕ್ಷಮಿಸಿ, ತಪ್ಪು ನಮ್ಮದೇ, ಶುಕ್ರವಾರದೊಳಗೆ ನಿಮ್ಮ ಖಾತೆಗೆ ಬರುತ್ತದೆ’ ಅನ್ನುವಷ್ಟನ್ನು ಸರಳ ಇಂಗ್ಲಿಷಿನಲ್ಲಿ ಬರೆಸಿದೆ. ಇಂಥ ಕಡೆ ಕ್ಷಮೆಗೆ ತೂಕ ಬರುವುದು ತಾರೀಖಿನಿಂದ. ‘ಸಿನ್ಸಿಯರ್ಲಿ’ ಹಾಕಲೇಬೇಕು ಅನ್ನಿಸಿದರೆ ಒಂದು ಸಲ ಸಾಕು.

ಇನ್ನು ಪತ್ರದ ಕೊನೆ. ಅಲ್ಲಿ ಈ ಪದಕ್ಕೆ ಭಾವನೆಯೇನೂ ಉಳಿದಿಲ್ಲ, ನಮ್ಮ ‘ಇಂತಿ ತಮ್ಮ ವಿಶ್ವಾಸಿ’ ಥರ ಬರೀ ರೂಢಿ. ಬ್ರಿಟಿಷ್ ಪದ್ಧತಿಯಲ್ಲಿ ಹೆಸರು ಹಿಡಿದು ‘ಡಿಯರ್ ಮಿಸ್ಟರ್’ ಇಂಥವರು ಅಂತ ಶುರು ಮಾಡಿದರೆ ಕೊನೆಗೆ ‘ಯುವರ್ಸ್ ಸಿನ್ಸಿಯರ್ಲಿ’. ಹೆಸರು ಗೊತ್ತಿಲ್ಲದೆ ‘ಡಿಯರ್ ಸರ್’ ಅಂದರೆ ‘ಯುವರ್ಸ್ ಫೇತ್‌ಫುಲ್ಲಿ’. ಅಮೆರಿಕದವರು ಸಾಮಾನ್ಯವಾಗಿ ‘ಸಿನ್ಸಿಯರ್ಲಿ’ ಅಂತಷ್ಟೇ ಬರೆದು ಸಹಿ ಹಾಕುತ್ತಾರೆ. ದಿನನಿತ್ಯದ ಇಮೇಲಿಗೆ ಇದೆಲ್ಲ ಜಾಸ್ತಿ ಆಯ್ತು, ‘ರಿಗಾರ್ಡ್ಸ್’ ಸಾಕು.

‘ಯುವರ್ಸ್ ಸಿನ್ಸಿಯರ್ಲಿ’ ಬರೆಯುವವರು ಎರಡು ನೋಡಿಕೊಳ್ಳಿ. ದೊಡ್ಡಕ್ಷರ ಮೊದಲ ಪದಕ್ಕೆ ಮಾತ್ರ. ‘ಯುವರ್ಸ್’ನಲ್ಲಿ ಎಸ್‌ಗೆ ಮುಂಚೆ ಅಪಾಸ್ಟ್ರಫಿ ಇಲ್ಲ. ಸ್ಕೂಲಿನ ರಜಾ ಚೀಟಿಯಿಂದ ನಮ್ಮ ಜೊತೆ ಬಂದ ಆ ಅಪಾಸ್ಟ್ರಫಿಯನ್ನು ನಾನು ಈಗಲೂ ವಾರವಾರ ಅಳಿಸುತ್ತಿದ್ದೇನೆ.