ಸೆಕೆಯಲ್ಲಿ ಬಂದ ಕ್ರಿಸ್‌ಮಸ್

ಕ್ರಿಸ್‌ಮಸ್ ಎಂದರೆ ಹಿಮ ಎಂದು ಶುಭಾಶಯ ಪತ್ರಗಳಿಂದಲೇ ಕಲಿತಿದ್ದ ನಾವಿಬ್ಬರೂ ಆ ವರ್ಷದ ಹಬ್ಬವನ್ನು ಫಿಲಿಪ್ಪೀನ್ಸ್‌ನ ಬೋಹೋಲ್ ದ್ವೀಪದಲ್ಲಿ, ಹತ್ತಿಯ ಅಂಗಿಯೂ ಬೆನ್ನಿಗೆ ಅಂಟುವಂಥ ಸೆಕೆಯಲ್ಲಿ ಕಳೆದೆವು. ಆ ದೇಶದಲ್ಲಿ ಸೆಪ್ಟೆಂಬರ್ ಹುಟ್ಟುತ್ತಿದ್ದಂತೆಯೇ ಹಬ್ಬದ ಹಾಡುಗಳು ಶುರುವಾಗುತ್ತವೆ. ಬಿದಿರು ಕಡ್ಡಿ, ಬಣ್ಣದ ಕಾಗದಗಳಿಂದ ಕಟ್ಟಿದ ‘ಪರೋಲ್’ ಎಂಬ ನಕ್ಷತ್ರದೀಪ ಮನೆಗಳ ಮುಂದೆ ತೂಗುತ್ತದೆ. ನಮ್ಮ ಆಕಾಶಬುಟ್ಟಿಯ ದಾಯಾದಿಯೆಂದೇ ನನಗನ್ನಿಸಿತು.

ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ನಸುಕಿನಲ್ಲಿ ‘ಸಿಂಬಾಂಗ್ ಗಬಿ’ ಪೂಜೆ ನಡೆಯುತ್ತದೆ. ಹೊಲಕ್ಕೆ ಹೊರಡುವ ರೈತರಿಗೆ ಅನುಕೂಲವಾಗಲೆಂದು ಹೊತ್ತು ಮೂಡುವ ಮೊದಲೇ ಇಟ್ಟ ಪೂಜೆಯಂತೆ. ಕೊನೆಯ ದಿನ, 2013ರ ಭೂಕಂಪದಲ್ಲಿ ಭಾಗಶಃ ಕುಸಿದು ಮತ್ತೆ ಎದ್ದು ನಿಂತ ಬಾಕ್ಲಯೋನ್ ಚರ್ಚಿಗೆ ನಾವೂ ಹೋದೆವು. ಒಳಗೆ ಜಾಗವಿಲ್ಲದೆ ಹೊರಗೆ ನಿಂತೆವು, ನಮ್ಮವರು ನಿಂತಲ್ಲೇ ತೂಕಡಿಸಿದರು.

ಅವರನ್ನು ಎಚ್ಚರಿಸಿದ್ದು ಪ್ರಾರ್ಥನೆಯಲ್ಲ, ‘ಬಿಬಿಂಕಾ’ದ ಪರಿಮಳ. ಬಾಳೆಲೆ ಹಾಸಿದ ಮಣ್ಣಿನ ಪಾತ್ರೆಗೆ ಅಕ್ಕಿಹಿಟ್ಟನ್ನು ತೆಂಗಿನ ಹಾಲಿನಲ್ಲಿ ಕಲಸಿ ಸುರಿದು, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸಿ, ಉಪ್ಪಿನ ಮೊಟ್ಟೆಯ ಬಿಲ್ಲೆಯನ್ನೂ ಕಾಯಿತುರಿಯನ್ನೂ ಹಾಕಿ ಕೊಟ್ಟರು. ಅಂಚು ಕರಿದಾಗಿದ್ದ ಆ ಎಲೆಯನ್ನು ಬಿಡಿಸುತ್ತ, ‘ಇದು ನಮ್ಮಮ್ಮನ ಕಡುಬಿನ ವಾಸನೆಯೇ ಕಣೇ’ ಎಂದು ಹೇಳಿದವರು ಇನ್ನೆರಡು ಕೊಂಡರು.